ಪುಕ್ಕಟೆ ಪ್ರಚಾರದ ಬೆಲೆ

ತನ್ನನ್ನು ತಾನು ಹೇಳಿಕೊಳ್ಳುವ ವಿಷಯದಲ್ಲಿ ನಮ್ಮ ಹಿರಿಯರು ಎರಡು ಬಗೆಯ ಮಾತುಗಳನ್ನು ಬಿಟ್ಟುಹೋಗಿದ್ದಾರೆ. ಬಾಯಿದ್ದವನು ಬರಗಾಲದಲ್ಲಿಯೂ ಬದುಕಿದನೆಂಬುದು ಒಂದು. ತುಂಬಿದ ಕೊಡ ತುಳುಕುವುದಿಲ್ಲವೆಂಬುದು ಇನ್ನೊಂದು. ಮೊದಲನೆಯದನ್ನು ಕೇಳಿದರೆ ಕೂಗಿ ಹೇಳುವುದೇ ಬದುಕುವ ದಾರಿಯೆಂದು ತೋರುತ್ತದೆ. ಎರಡನೆಯದನ್ನು ಕೇಳಿದರೆ ಕೂಗುವವನಲ್ಲಿ ಏನೋ ಕೊರತೆಯಿರಬೇಕೆಂದು ತೋರುತ್ತದೆ. ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡು ನಮ್ಮ ಸಂಘದ ಕಾರ್ಯಕಾರಿ ಮಂಡಳಿಯು ಕಳೆದ ವರ್ಷ ಬಹಳ ತೊಳಲಿತು. ಆ ತೊಳಲಾಟದಲ್ಲಿ ನಮಗೆ ತಿಳಿದುಬಂದಷ್ಟನ್ನು ವಾಚಕರ ಮುಂದಿಡಬೇಕೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಸಣ್ಣ ಅಂಗಡಿಕಾರನಿಗೂ, ಮನೆಯಲ್ಲಿಯೇ ಏನನ್ನಾದರೂ ಮಾಡಿ ಮಾರುವವರಿಗೂ, ನಮ್ಮಂಥ ಸಣ್ಣ ಸೇವಾಸಂಸ್ಥೆಗಳಿಗೂ ಒಂದು ಕೊರತೆ ಸಮಾನವಾದದ್ದು. ಹಣ ಕೊಟ್ಟು ಜಾಹೀರಾತು ಹಾಕಿಸುವ ಶಕ್ತಿ ಇವರಲ್ಲಿ ಯಾರಿಗೂ ಇಲ್ಲ. ಆದುದರಿಂದ ಹಣ ಕೊಡದೆ ದೊರೆಯಬಹುದಾದ ಪ್ರಸಿದ್ಧಿಯ ಕಡೆಗೆ ಇವರ ಕಣ್ಣು ಸಹಜವಾಗಿಯೇ ಹೊರಳುತ್ತದೆ. ಊರಿನ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ, ಆಕಾಶವಾಣಿಯಲ್ಲಿ ಒಂದು ಪ್ರಕಟಣೆ, ಶಾಲೆಯ ಸೂಚನಾಫಲಕದಲ್ಲಿ ಒಂದು ಕಾಗದ, ಜಾತ್ರೆಯ ದಾರಿಯಲ್ಲಿ ಒಂದು ಬಟ್ಟೆಯ ಫಲಕ, ಈಚೆಗೆ ಕೈಫೋನಿನಿಂದ ಕೈಫೋನಿಗೆ ಹಾರುವ ಒಂದು ಚಿತ್ರ: ಇವುಗಳಿಗೆ ಕಾಸು ಬೇಕಿಲ್ಲ. ಇದರಲ್ಲಿ ತಪ್ಪೇನು ಎಂದು ಯಾರಾದರೂ ಕೇಳಿಯಾರು. ನಾವೂ ಹಾಗೆಯೇ ತಿಳಿದಿದ್ದೆವು. ಆದರೆ ಕಾಸು ಬೇಡದ ವಸ್ತುವಿಗೆ ಬೆಲೆಯೇ ಇಲ್ಲವೆ? ಇದ್ದರೆ ಅದನ್ನು ತೆರುವವರು ಯಾರು? ನಾವು ಇಲ್ಲಿ ವಿಚಾರಿಸಬೇಕೆಂದಿರುವುದು ಇದನ್ನೇ.

ಮೊದಲು ನಮ್ಮ ಅನುಭವವನ್ನು ಹೇಳಬೇಕು. ಸೊಲ್ಲಾಪುರದಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ಈ ನಾಲ್ಕೂ ಭಾಷೆಗಳು ಒಂದೇ ಪೇಟೆಯಲ್ಲಿ ಕಿವಿಗೆ ಬೀಳುತ್ತವೆ. ಕನ್ನಡ ಶಾಲೆಗೆ ಬರುವ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವುದನ್ನು ನಾವು ಕಣ್ಣಾರೆ ಕಾಣುತ್ತಿದ್ದೇವೆ. ಆ ಮಕ್ಕಳಿಗೆ ಸಂಜೆ ಕುಳಿತು ಓದಲು ಒಂದು ಕೋಣೆ, ಕೆಲವು ಕಪಾಟು ಪುಸ್ತಕಗಳು, ಶಾಲೆ ತೆರೆಯುವ ಜೂನ್ ತಿಂಗಳಲ್ಲಿ ಒಂದಿಷ್ಟು ವಹಿಗಳು: ಇಷ್ಟೇ ನಮ್ಮ ಸಂಘದ ಸೇವೆ. ಸಭಾಸದರ ವರ್ಗಣಿಯಿಂದ ಕೋಣೆಯ ಬಾಡಿಗೆ ಹೊರಡುವುದೇ ಕಷ್ಟ. ಹೊರಗಿನಿಂದ ದಾನಿಗಳು ಬರಬೇಕಾದರೆ ಸಂಘವೊಂದು ಇದೆಯೆಂಬುದು ಅವರಿಗೆ ತಿಳಿಯಬೇಕು. ಹೀಗಿರುವಾಗ ಪತ್ರಿಕೆಯ ವರದಿಗಾರರೊಬ್ಬರು, ವಹಿ ಹಂಚುವ ಚಿತ್ರವನ್ನು ಕೊಟ್ಟರೆ ಸುದ್ದಿಯನ್ನು ಹಣವಿಲ್ಲದೆ ಹಾಕಿಸುವೆನೆಂದರು. ನಾವು ಸಂತೋಷದಿಂದ ಒಪ್ಪಿದೆವು. ಎಂಟು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ವಹಿಗಳನ್ನು ಎದೆಯ ಮುಂದೆ ಹಿಡಿಸಿ, ಹಿಂದೆ ದಾನಿಗಳೂ ನಾವೂ ನಿಂತು ಚಿತ್ರ ತೆಗೆಯಿಸಿದೆವು. ಬಡ ವಿದ್ಯಾರ್ಥಿಗಳಿಗೆ ವಹಿ ಹಂಚಲಾಯಿತೆಂಬ ಒಕ್ಕಣೆಯೊಡನೆ ಚಿತ್ರವು ಅಚ್ಚಾಯಿತು. ಆ ತಿಂಗಳಲ್ಲಿ ಹನ್ನೊಂದು ಜನ ಹೊಸ ಸಭಾಸದರಾದರು. ಪತ್ರಿಕೆಯ ತುಣುಕನ್ನು ಕತ್ತರಿಸಿ ಓದುವ ಕೋಣೆಯ ಗೋಡೆಗೆ ಅಂಟಿಸಿದೆವು.

ಚಿತ್ರದಲ್ಲಿ ಎಡದಿಂದ ಮೂರನೆಯವಳಾಗಿ ನಿಂತಿದ್ದ ಹುಡುಗಿ ಆ ಮೇಲೆ ಓದುವ ಕೋಣೆಗೆ ಬರುವುದನ್ನು ಬಿಟ್ಟಳು. ಇದು ನಮ್ಮ ಲಕ್ಷ್ಯಕ್ಕೆ ಬರಲು ಮೂರು ವಾರಗಳಾದುವೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳಬೇಕು. ಕಡೆಗೆ ಅವಳ ತಾಯಿಯೇ ಒಂದು ಸಂಜೆ ಬಂದು ಬಾಗಿಲಲ್ಲಿ ನಿಂತಳು. ಆಕೆ ಕಟಕ ರೊಟ್ಟಿಗಳನ್ನು ಬಡಿದು, ಶೇಂಗಾ ಚಟ್ನಿ ಕುಟ್ಟಿ, ಮಾರಿ ಸಂಸಾರ ಸಾಗಿಸುವವಳು.

‘ಮಾಸ್ತರ್ರ, ವಹಿ ಕೊಟ್ಟೀರಿ, ನಿಮಗ ಪುಣ್ಯ ಬರಲಿ. ಖರೇ, ಪೇಪರಿನ್ಯಾಗ ಹಾಕಿದ್ದು ಛಲೋ ಆಗಲಿಲ್ರಿ. ಸಾಲ್ಯಾಗ ಹುಡುಗೂರು ಆಕಿಗೆ ವಹಿ ಬೇಡಿದಾಕಿ ಅಂತಾರ. ನಾ ರೊಟ್ಟಿ ಬಡದು ಮಾರಾಕಿ. ಯಾರ ಮುಂದೂ ಕೈ ಒಡ್ಡಿಲ್ಲ. ಹಾಕೂ ಮೊದಲ ನನಗೊಂದು ಮಾತು ಕೇಳಬೇಕಾಗಿತ್ತಲ್ರಿ?’

ನಮ್ಮ ಕಾರ್ಯದರ್ಶಿಗಳು ಸಮಾಧಾನ ಹೇಳಹೋದರು. ‘ಅವ್ವಾ, ಪೇಪರಿನವರು ರೊಕ್ಕ ತಗೊಳ್ಳಲಿಲ್ರಿ, ಪುಕ್ಕಟ ಹಾಕಿದ್ರು. ಸಂಘಕ್ಕ ಅನುಕೂಲ ಆತು.’

‘ನಿಮಗ ಪುಕ್ಕಟ ಆತ್ರಿ. ನಮಗ ಆಗಲಿಲ್ಲ,’ ಎಂದು ಆಕೆ ಹೊರಟುಹೋದಳು.

ಆ ಮಾತಿಗೆ ಉತ್ತರ ನಮ್ಮಲ್ಲಿರಲಿಲ್ಲ. ಮಂಡಳಿಯ ಸಭೆಯಲ್ಲಿ ಅದನ್ನು ಚರ್ಚಿಸಿದಾಗ ಎರಡು ಪಕ್ಷಗಳಾದುವು. ಹನ್ನೊಂದು ಜನ ಸಭಾಸದರ ವರ್ಗಣಿಯಿಂದ ಇನ್ನಷ್ಟು ಮಕ್ಕಳಿಗೆ ವಹಿ ದೊರೆಯುವುದು, ಒಬ್ಬಳ ಸಂಕೋಚಕ್ಕಾಗಿ ಅದನ್ನು ಬಿಡಲಾಗದು ಎಂಬುದು ಕಿರಿಯರ ವಾದ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು, ಇನ್ನು ಮುಂದೆ ಪತ್ರಿಕೆಯ ಗೊಡವೆಯೇ ಬೇಡ ಎಂಬುದು ಹಿರಿಯರೊಬ್ಬರ ವಾದ. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಎರಡೂ ನಮಗೆ ಪೂರ್ಣವಾಗಿ ಒಪ್ಪಿಗೆಯಾಗಲಿಲ್ಲ. ಏಕೆಂಬುದನ್ನು ಹೇಳಬೇಕಾದರೆ ‘ಪುಕ್ಕಟೆ’ ಎಂಬ ಶಬ್ದವನ್ನೇ ಸ್ವಲ್ಪ ಬಿಡಿಸಿ ನೋಡಬೇಕು.

ಪತ್ರಿಕೆಯಲ್ಲಿ ನಾಲ್ಕು ಸಾಲು ಅಚ್ಚಾಗುವುದಕ್ಕೆ ಕಾಗದ, ಮಸಿ, ಯಂತ್ರ, ಕೆಲಸದವರ ಸಂಬಳ ಬೇಕು. ಇದನ್ನು ಪತ್ರಿಕೆಯವರು ಹೊರುತ್ತಾರೆ. ಅವರು ಅದನ್ನು ಯಾರ ಹಣದಿಂದ ಹೊರುತ್ತಾರೆ? ಪತ್ರಿಕೆಯನ್ನು ಕೊಳ್ಳುವ ಓದುಗನ ಹಣದಿಂದಲೂ, ಆ ಓದುಗನ ಕಣ್ಣಿಗೆ ಬೀಳಬೇಕೆಂದು ಜಾಹೀರಾತು ಕೊಡುವವರ ಹಣದಿಂದಲೂ. ಇದಕ್ಕಿಂತ ಹೆಚ್ಚಿನದಾದ ಇನ್ನೊಂದು ಬೆಲೆಯನ್ನು ಓದುಗನು ತೆರುತ್ತಾನೆ. ಅದು ಅವನ ನಂಬಿಕೆ. ಜಾಹೀರಾತನ್ನು ಓದುವಾಗ ಅವನು ಎಚ್ಚರದಿಂದಿರುತ್ತಾನೆ. ಮಾರುವವನು ತನ್ನ ಸರಕನ್ನು ಹೊಗಳದೆ ಬಿಡುವನೇ ಎಂದು ಅವನಿಗೆ ಗೊತ್ತು. ಸುದ್ದಿಯನ್ನು ಓದುವಾಗ ಆ ಎಚ್ಚರವನ್ನು ಬಿಡುತ್ತಾನೆ. ಸಂಬಂಧವಿಲ್ಲದ ಮೂರನೆಯವನೊಬ್ಬನು ನೋಡಿ, ವಿಚಾರಿಸಿ ಬರೆದಿದ್ದಾನೆಂದು ನಂಬುತ್ತಾನೆ. ಪುಕ್ಕಟೆಯಾಗಿ ಬಂದ ನಾಲ್ಕು ಸಾಲಿಗೆ ಹಣ ಕೊಟ್ಟು ಹಾಕಿಸಿದ ಅರ್ಧ ಪುಟಕ್ಕಿಂತ ಹೆಚ್ಚಿನ ತೂಕ ಬರುವುದು ಈ ಕಾರಣದಿಂದ. ಆ ತೂಕ ನಮ್ಮದಲ್ಲ. ಓದುಗನು ಪತ್ರಿಕೆಯಲ್ಲಿ ಇಟ್ಟ ಠೇವಣಿಯಿಂದ ನಾವು ಪಡೆದ ಕಡ.

ಈ ಠೇವಣಿಯನ್ನು ಮಾರಿಕೊಂಡರೆ ಏನಾಗುವುದೆಂಬುದನ್ನು ನಮ್ಮ ದೇಶವು ಕಂಡಿದೆ. 2009ರ ಲೋಕಸಭಾ ಚುನಾವಣೆಯ ಕಾಲದಲ್ಲಿ ಅಭ್ಯರ್ಥಿಗಳಿಂದ ಹಣ ಪಡೆದು ಅವರ ಹೊಗಳಿಕೆಯನ್ನು ಸುದ್ದಿಯ ವೇಷದಲ್ಲಿ ಅಚ್ಚುಮಾಡಿದರೆಂಬ ದೂರುಗಳು ಎದ್ದುವು. ಭಾರತೀಯ ಪತ್ರಿಕಾ ಮಂಡಳಿಯು ಇದನ್ನು ವಿಚಾರಿಸಿ 2010ರಲ್ಲಿ ವರದಿಯನ್ನು ಹೊರಡಿಸಿತು. ‘ಕಾಸಿಗಾಗಿ ಸುದ್ದಿ’ ಎಂಬ ಮಾತು ಆಗ ಜನರ ಬಾಯಲ್ಲಿ ನೆಲೆಗೊಂಡಿತು. ಜಾಹೀರಾತು ಯಾವುದು, ಸುದ್ದಿ ಯಾವುದು ಎಂಬುದು ಓದುಗನಿಗೆ ಸ್ಪಷ್ಟವಾಗಿ ಕಾಣಬೇಕೆಂಬುದು ಆ ಮಂಡಳಿಯ ನಿಯಮಗಳಲ್ಲಿ ಒಂದು. ದೊಡ್ಡವರ ಈ ದೋಷವು ನಮ್ಮಂಥ ಸಣ್ಣವರಿಗೆ ಅಂಟದು ಎಂದು ತಿಳಿಯಲಾಗದು. ವರದಿಗಾರನಿಗೆ ಹಣ ಕೊಡದಿದ್ದರೂ, ಇಪ್ಪತ್ತು ವಹಿಗಳನ್ನು ನೂರಾರು ವಹಿಗಳೆಂದು ಬರೆದುಕೊಟ್ಟರೆ ನಾವು ಕದ್ದದ್ದು ಅದೇ ಠೇವಣಿಯನ್ನು. ತನ್ನ ಅಂಗಡಿಯ ಗುಣಗಾನವನ್ನು ತಾನೇ ಬರೆದು ಗಿರಾಕಿಯ ಹೆಸರಿನಲ್ಲಿ ಪ್ರಕಟಿಸುವ ವ್ಯಾಪಾರಿಯೂ ಇದೇ ಸಾಲಿಗೆ ಸೇರಿದವನು.

ಹಾಗಾದರೆ ಹಿರಿಯರು ಹೇಳಿದಂತೆ ಬಾಯಿ ಮುಚ್ಚಿಕೊಂಡಿರುವುದೇ ಲೇಸೇ? ಅದನ್ನೂ ನಾವು ಒಪ್ಪಲಾರೆವು. ಓದುವ ಕೋಣೆಯು ಸಂಜೆ ಐದು ಗಂಟೆಗೆ ತೆರೆಯುವುದೆಂದು ಯಾರಿಗೂ ತಿಳಿಯದಿದ್ದರೆ, ತೆರೆದಿದ್ದರೂ ಅದು ಬೀಗ ಹಾಕಿದ ಕೋಣೆಯೇ. ವಹಿ ಬೇಕಾದ ಮಗುವಿನ ತಾಯಿಗೆ ವಹಿ ಎಲ್ಲಿ ದೊರೆಯುವುದೆಂದು ತಿಳಿಸದೆ, ನಾವು ನಿಗರ್ವಿಗಳೆಂದು ಹೇಳಿಕೊಳ್ಳುವುದು ವಿನಯದ ಹೆಸರಿನ ಸೋಮಾರಿತನ. ಅದೂ ಅಲ್ಲದೆ, ನಾಲ್ಕು ಜನರ ಹಣದಿಂದ ನಡೆಯುವ ಸಂಸ್ಥೆಗೆ ಮೌನವಾಗಿರುವ ಹಕ್ಕು ಇಲ್ಲ. ಮಹಾರಾಷ್ಟ್ರದಲ್ಲಿ ನೋಂದಾಯಿತವಾದ ಸಾರ್ವಜನಿಕ ನ್ಯಾಸಗಳು ಪರಿಶೋಧಿತ ಲೆಕ್ಕಪತ್ರಗಳನ್ನು ಧರ್ಮಾದಾಯ ಆಯುಕ್ತರ ಕಚೇರಿಗೆ ಒಪ್ಪಿಸಬೇಕೆಂಬ ಕಾನೂನು 1950ರಿಂದ ಇದೆ. ಕಾನೂನು ಕೇಳುವುದು ಕಚೇರಿಗೆ ಒಪ್ಪಿಸುವ ಲೆಕ್ಕವನ್ನು. ಹಣ ಕೊಟ್ಟವನ ಮನಸ್ಸು ಕೇಳುವುದು ತನ್ನ ಕಣ್ಣಿಗೆ ಕಾಣುವ ಲೆಕ್ಕವನ್ನು. ಅದನ್ನು ಬಹಿರಂಗಪಡಿಸುವುದೂ ಪ್ರಚಾರವೇ. ಆ ಪ್ರಚಾರವು ಋಣ ತೀರಿಸುವ ಕೆಲಸ.

ಈ ಸಂದರ್ಭದಲ್ಲಿ ನಮಗೆ ಗಾಂಧೀಜಿಯವರ ಜೀವನದ ಒಂದು ಪ್ರಸಂಗವು ಪದೇ ಪದೇ ನೆನಪಿಗೆ ಬಂದಿತು. ಹಣವಿಲ್ಲದ ಸಂಸ್ಥೆಯೊಂದು ತನ್ನ ಮಾತನ್ನು ಲೋಕಕ್ಕೆ ಹೇಗೆ ಮುಟ್ಟಿಸಿತು, ಅದಕ್ಕೆ ಯಾರು ಯಾವ ಬೆಲೆ ತೆತ್ತರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ತಿಳಿಯದು. ಅವರೇ ತಮ್ಮ ಆತ್ಮಕಥೆಯಲ್ಲಿ ಇದನ್ನು ವಿವರವಾಗಿ ಬರೆದಿದ್ದಾರೆ.

ದಕ್ಷಿಣ ಆಫ್ರಿಕದಲ್ಲಿ ನೆಲಸಿದ್ದ ಭಾರತೀಯರ ಹಿತಕ್ಕಾಗಿ ಗಾಂಧೀಜಿಯವರು 1894ರಲ್ಲಿ ನೇಟಾಲ್ ಇಂಡಿಯನ್ ಕಾಂಗ್ರೆಸ್ಸನ್ನು ಸ್ಥಾಪಿಸಿದರು. ವರ್ಗಣಿಗೆ ರಸೀದಿ ಕೊಡುವುದರಲ್ಲಿಯೂ, ಪೈ ಪೈಗೆ ಲೆಕ್ಕವಿಡುವುದರಲ್ಲಿಯೂ ಅವರು ಬಹಳ ಕಟ್ಟುನಿಟ್ಟಾಗಿದ್ದರು. 1896ರಲ್ಲಿ ಅವರು ಸ್ವದೇಶಕ್ಕೆ ಬಂದಾಗ, ಅಲ್ಲಿಯ ಭಾರತೀಯರ ಕಷ್ಟಗಳನ್ನು ಇಲ್ಲಿಯ ಜನರಿಗೆ ತಿಳಿಸಲು ಒಂದು ಕಿರುಹೊತ್ತಗೆಯನ್ನು ಬರೆದರು. ರಕ್ಷಾಪುಟದ ಬಣ್ಣದಿಂದ ಅದಕ್ಕೆ ‘ಹಸುರು ಹೊತ್ತಗೆ’ ಎಂಬ ಹೆಸರು ಬಂದಿತು. ಹತ್ತು ಸಾವಿರ ಪ್ರತಿಗಳನ್ನು ಅಚ್ಚುಹಾಕಿಸಿ, ದೇಶದ ಪತ್ರಿಕೆಗಳಿಗೂ ಎಲ್ಲ ಪಕ್ಷಗಳ ಮುಖಂಡರಿಗೂ ಕಳುಹಿಸಬೇಕಾಗಿತ್ತು. ಇಷ್ಟನ್ನು ಕಾಗದದಲ್ಲಿ ಸುತ್ತಿ ಅಂಚೆಗೆ ಸಿದ್ಧಪಡಿಸಲು ಕೂಲಿಯವರನ್ನು ಇಟ್ಟರೆ ಖರ್ಚು ವಿಪರೀತವಾಗುತ್ತಿತ್ತು. ಅವರು ರಾಜಕೋಟೆಯ ತಮ್ಮ ಕೇರಿಯ ಹುಡುಗರನ್ನೆಲ್ಲ ಕೂಡಿಸಿ, ಶಾಲೆಯಿಲ್ಲದ ಬೆಳಗಿನ ಹೊತ್ತಿನಲ್ಲಿ ಎರಡು ಮೂರು ಗಂಟೆ ದುಡಿದುಕೊಡಿರೆಂದು ಕೇಳಿದರು. ಪ್ರತಿಫಲವಾಗಿ ತಮ್ಮ ಆಶೀರ್ವಾದವನ್ನೂ, ತಾವು ಕೂಡಿಸಿಟ್ಟಿದ್ದ ಬಳಸಿದ ಅಂಚೆಚೀಟಿಗಳನ್ನೂ ಕೊಡುವೆನೆಂದರು. ಹುಡುಗರು ಬಹು ಬೇಗ ಕೆಲಸವನ್ನು ಮುಗಿಸಿದರು.

ಹೊತ್ತಗೆಯ ವಿಷಯವನ್ನು ಎಲ್ಲರಿಗಿಂತ ಮೊದಲು ಸಂಪಾದಕೀಯದಲ್ಲಿ ಎತ್ತಿಕೊಂಡದ್ದು ‘ಪಯೊನೀರ್’ ಪತ್ರಿಕೆ. ರಾಯಿಟರ್ ಸುದ್ದಿಸಂಸ್ಥೆಯವರು ಅದರ ಸಾರಾಂಶವನ್ನು ಇಂಗ್ಲಂಡಿಗೆ ತಂತಿಯ ಮೂಲಕ ಕಳುಹಿಸಿದರು. ಆ ಸಾರಾಂಶದ ಸಾರಾಂಶವು ಲಂಡನ್ನಿನಿಂದ ನೇಟಾಲಿಗೆ ಹೋಯಿತು. ಅಚ್ಚಿನಲ್ಲಿ ಅದು ಮೂರು ಸಾಲಿಗಿಂತ ಹೆಚ್ಚಿರಲಿಲ್ಲ. ಗಾಂಧೀಜಿಯವರು ಅಳೆದು ತೂಗಿ ಬರೆದ ಮಾತುಗಳು ಆ ಮೂರು ಸಾಲಿನಲ್ಲಿ ಉತ್ಪ್ರೇಕ್ಷೆಯಾಗಿ ಮಾರ್ಪಟ್ಟಿದ್ದುವು, ಶಬ್ದಗಳೂ ಅವರವಾಗಿರಲಿಲ್ಲ. ನೇಟಾಲಿನ ಬಿಳಿಯರು ಅದನ್ನು ಓದಿ ಕೆರಳಿದರು. ಡಿಸೆಂಬರಿನಲ್ಲಿ ಹಡಗು ಡರ್ಬನ್ ಬಂದರನ್ನು ಮುಟ್ಟಿದರೂ ಪ್ರಯಾಣಿಕರನ್ನು ಮೂರು ವಾರಗಳಿಗೂ ಮಿಕ್ಕಿ ಇಳಿಯಗೊಡಲಿಲ್ಲ. 1897ರ ಜನವರಿ 13ರಂದು ಗಾಂಧೀಜಿಯವರು ಇಳಿದಾಗ ಗುಂಪು ಅವರನ್ನು ಮುತ್ತಿ ಕಲ್ಲು, ಇಟ್ಟಿಗೆಚೂರು, ಕೊಳೆತ ಮೊಟ್ಟೆಗಳನ್ನು ಎಸೆಯಿತು, ಹೊಡೆಯಿತು, ಒದೆಯಿತು. ಪೊಲೀಸ್ ಅಧಿಕಾರಿಯ ಪತ್ನಿ ಶ್ರೀಮತಿ ಅಲೆಕ್ಸಾಂಡರ್ ಅವರು ತಮ್ಮ ಕೊಡೆಯನ್ನು ಅಡ್ಡ ಹಿಡಿದು ನಿಲ್ಲದಿದ್ದರೆ ಪ್ರಾಣಕ್ಕೇ ಅಪಾಯವಿತ್ತು.

ಆ ದಿನ ಹಡಗಿನಿಂದ ಇಳಿಯುವ ಮೊದಲೇ ‘ನೇಟಾಲ್ ಅಡ್ವರ್ಟೈಸರ್’ ಪತ್ರಿಕೆಯ ಪ್ರತಿನಿಧಿಯೊಬ್ಬನು ಗಾಂಧೀಜಿಯವರನ್ನು ಸಂದರ್ಶಿಸಿದ್ದನು. ಭಾರತದಲ್ಲಿ ತಾವು ಹೇಳಿದ್ದರಲ್ಲಿ ದಕ್ಷಿಣ ಆಫ್ರಿಕದಲ್ಲಿಯೇ ಇನ್ನೂ ಬಿರುಸಾಗಿ ಹೇಳದೆ ಇದ್ದದ್ದು ಯಾವುದೂ ಇಲ್ಲವೆಂದು ಅವರು ಆಧಾರಸಹಿತ ತೋರಿಸಿಕೊಟ್ಟಿದ್ದರು. ಹೊಡೆದವರ ಮೇಲೆ ಮೊಕದ್ದಮೆ ಹೂಡಲು ಸರಕಾರವೇ ಸಿದ್ಧವಿದ್ದರೂ, ತಪ್ಪು ಸುದ್ದಿಯನ್ನು ನಂಬಿ ಕೆರಳಿದವರನ್ನು ಶಿಕ್ಷಿಸುವುದು ಬೇಡವೆಂದರು. ಸಂದರ್ಶನವೂ ಈ ನಿರಾಕರಣೆಯೂ ಕೂಡಿ ಡರ್ಬನ್ನಿನ ಬಿಳಿಯರನ್ನು ನಾಚುವಂತೆ ಮಾಡಿದುವು.

ಈ ಪ್ರಸಂಗದಿಂದ ನಾವು ಮೂರು ಪಾಠಗಳನ್ನು ತೆಗೆದುಕೊಂಡೆವು. ಮೊದಲನೆಯದು, ಪುಕ್ಕಟೆ ಪ್ರಚಾರದಲ್ಲಿ ನಮ್ಮ ಮಾತು ನಮ್ಮ ಕೈಯಲ್ಲಿ ಉಳಿಯುವುದಿಲ್ಲ. ಹಣ ಕೊಟ್ಟ ಜಾಹೀರಾತಿನಲ್ಲಿ ನಾವು ಬರೆದುದೇ ಅಚ್ಚಾಗುತ್ತದೆ. ಸುದ್ದಿಯಲ್ಲಿ ಇನ್ನೊಬ್ಬನು ಮೂರು ಸಾಲಿಗೆ ಇಳಿಸಿದ್ದು ಅಚ್ಚಾಗುತ್ತದೆ. ಆದುದರಿಂದ ಇಳಿಸಿದಾಗಲೂ ಸುಳ್ಳಾಗದಂತೆ ಬರೆದುಕೊಡುವ ಭಾರ ನಮ್ಮ ಮೇಲಿದೆ. ಗಾಂಧೀಜಿಯವರಷ್ಟು ಅಳೆದು ತೂಗಿ ಬರೆದವರಿಗೇ ಹೀಗಾದರೆ, ಉಬ್ಬಿಸಿ ಬರೆದುಕೊಡುವವರ ಗತಿಯೇನು?

ಎರಡನೆಯದು, ಅಲ್ಲಿ ಬೆಲೆ ತೆತ್ತವರು ಯಾರೆಂಬುದು. ರಾಜಕೋಟೆಯ ಹುಡುಗರು ಬೆವರು ಸುರಿಸಿದರು ನಿಜ. ಆದರೆ ಅವರನ್ನು ಕೇಳಿ ದುಡಿಸಿದರು. ಮಾಡುವ ಕೆಲಸವೇನೆಂದು ಅವರಿಗೆ ಗೊತ್ತಿತ್ತು. ಅವರ ಮುಖವನ್ನು ಯಾರೂ ಲೋಕದ ಮುಂದೆ ಹಿಡಿಯಲಿಲ್ಲ. ದೊಡ್ಡ ಬೆಲೆಯನ್ನು, ಅಂದರೆ ಕಲ್ಲಿನ ಪೆಟ್ಟನ್ನು, ತಿಂದವರು ಹೊತ್ತಗೆಯನ್ನು ಬರೆದವರೇ. ನಮ್ಮ ಚಿತ್ರದಲ್ಲಿ ಇದು ತಲೆಕೆಳಗಾಗಿತ್ತು. ಹೆಸರು ಬಂದದ್ದು ಹಿಂದೆ ನಿಂತಿದ್ದ ನಮಗೆ. ಪೆಟ್ಟು ಬಿದ್ದದ್ದು ಮುಂದೆ ನಿಂತಿದ್ದ ಮಗುವಿಗೆ. ಆರೈಕೆ ಮತ್ತು ರಕ್ಷಣೆ ಬೇಕಾದ ಮಕ್ಕಳ ಗುರುತನ್ನು ಪತ್ರಿಕೆಗಳಲ್ಲಿ ಬಯಲುಮಾಡಬಾರದೆಂದು 2015ರ ಬಾಲನ್ಯಾಯ ಕಾಯಿದೆಯ 74ನೆಯ ಕಲಮು ವಿಧಿಸಿದೆ. ವಹಿ ಪಡೆದ ನಮ್ಮ ಮಕ್ಕಳು ಕಾನೂನಿನ ಆ ವ್ಯಾಖ್ಯೆಯೊಳಗೆ ಬರಲಾರರು. ಆದರೆ ಕಾನೂನು ಹಿಡಿಯದ ತಪ್ಪೂ ತಪ್ಪೇ ಅಲ್ಲವೆ?

ಮೂರನೆಯದು, ಹೇಳಿದ ಮಾತಿಗೆ ಉತ್ತರ ಕೊಡಲು ನಿಲ್ಲಬೇಕೆಂಬುದು. ಗಾಂಧೀಜಿಯವರು ಸಂದರ್ಶಕನ ಎಲ್ಲ ಪ್ರಶ್ನೆಗಳಿಗೂ ಉತ್ತರ ಕೊಟ್ಟರು. ಪ್ರಚಾರ ಬೇಕೆನ್ನುವ ಸಂಸ್ಥೆಯು ಪ್ರಶ್ನೆ ಬೇಡವೆನ್ನಲಾಗದು. ನಮ್ಮ ಸುದ್ದಿಯನ್ನು ಓದಿ ಒಬ್ಬನು ಬಂದು, ‘ಎಷ್ಟು ವಹಿ ಕೊಂಡಿರಿ? ರಸೀದಿ ತೋರಿಸಿರಿ’ ಎಂದರೆ ಕೋಪಿಸಿಕೊಳ್ಳದೆ ತೋರಿಸುವ ಸಿದ್ಧತೆ ಇರಬೇಕು.

ಇಷ್ಟು ದೂರ ಹೋಗಿ ಪಾಠ ಕಲಿತ ನಮಗೆ ನಮ್ಮ ಊರಿನ ದೇವರೇ ಹೇಳಿದ ಪಾಠವೊಂದು ಉಳಿದಿತ್ತು. ನಮ್ಮ ಈ ಸೊಲ್ಲಾಪುರವೇ ಹನ್ನೆರಡನೆಯ ಶತಮಾನದ ಸೊನ್ನಲಿಗೆ. ಕೆರೆಯನ್ನು ಕಟ್ಟಿಸಿ, ಗುಡಿಯನ್ನು ಎತ್ತಿಸಿ, ಜನರ ಕಷ್ಟಕ್ಕಾಗಿ ದುಡಿದ ಸಿದ್ಧರಾಮನ ಊರು. ಕೆರೆಯ ಕೆಲಸ ನಡೆದಿದ್ದಾಗ ಅಲ್ಲಮಪ್ರಭು ಅಲ್ಲಿಗೆ ಬಂದು, ಅವನನ್ನು ಮಣ್ಣು ಅಗೆಯುವ ಒಡ್ಡರಾಮನೆಂದು ಹಂಗಿಸಿದ ಕಥೆಯನ್ನು ಶೂನ್ಯಸಂಪಾದನೆಯು ಹೇಳುತ್ತದೆ. ಅಲ್ಲಮನು ಕೆರೆಯನ್ನು ಹಳಿದನೆಂದು ನಮಗೆ ತೋರುವುದಿಲ್ಲ. ‘ನಾನು ಮಾಡಿದೆ’ ಎಂಬ ಹಮ್ಮು ಒಳ್ಳೆಯ ಕೆಲಸಕ್ಕೆ ಎಲ್ಲಿ ಅಂಟುವುದೋ ಎಂದು ಪರೀಕ್ಷಿಸಿದನು. ಇಂದಿಗೂ ಸಂಕ್ರಾಂತಿಯ ಗಡ್ಡದ ಜಾತ್ರೆಗೆ ಸುತ್ತಲಿನ ಊರುಗಳಿಂದ ಜನ ಬಂದು ಸಿದ್ಧೇಶ್ವರನ ಕೆರೆಯ ದಂಡೆಯಲ್ಲಿ ನೆರೆಯುತ್ತಾರೆ. ಅಂದು ಬುಟ್ಟಿ ಹೊತ್ತವರ ಹೆಸರು ಯಾರಿಗೂ ತಿಳಿಯದು. ಕೆರೆ ಇರುವ ದಾರಿ ಮಾತ್ರ ಎಲ್ಲರಿಗೂ ತಿಳಿದಿದೆ. ಕೆರೆಯ ದಾರಿಯನ್ನು ಹೇಳುವುದು ಅವಶ್ಯಕ. ಬುಟ್ಟಿ ಹೊತ್ತವರ ಹೆಸರನ್ನು ಹೇಳುವುದು ಐಚ್ಛಿಕ. ನೀರು ಕುಡಿದವನ ಬಾಯಾರಿಕೆಯನ್ನು ಸಾರುವುದು ಅನುಚಿತ. ನಮ್ಮ ಸಂಘದ ಪ್ರಕಟಣೆಗಳನ್ನು ಈ ಮೂರು ಭಾಗಗಳಾಗಿ ಒಡೆದು ನೋಡಿದಾಗ, ಹೆಚ್ಚಿನವು ಎರಡನೆಯ ಮತ್ತು ಮೂರನೆಯ ಭಾಗದಲ್ಲಿಯೇ ಬಿದ್ದುವು.

ಇನ್ನು ಆ ರೊಟ್ಟಿಯ ತಾಯಿಯ ವ್ಯಾಪಾರವನ್ನೇ ನೋಡೋಣ. ಆಕೆಗೂ ಗಿರಾಕಿಗಳು ಬೇಕು, ಜಾಹೀರಾತಿಗೆ ಹಣವಿಲ್ಲ. ಹೊಸಬರು ಬಂದರೆ ಒಂದು ರೊಟ್ಟಿಯ ಚೂರಿನ ಮೇಲೆ ಚಿಟಿಕೆ ಚಟ್ನಿಯಿಟ್ಟು, ರುಚಿ ನೋಡಿರೆಂದು ಕೊಡುತ್ತಾಳೆ. ಹಿಡಿಸಿದವರು ಕೊಳ್ಳುತ್ತಾರೆ, ನೆರೆಯವರಿಗೆ ಹೇಳುತ್ತಾರೆ. ಆಕೆಯ ಪ್ರಚಾರವೂ ಬಾಯಿಂದ ಬಾಯಿಗೆ ಪುಕ್ಕಟೆಯಾಗಿಯೇ ಹರಡುತ್ತದೆ. ಆದರೆ ಅದರ ಬೆಲೆ ಆ ರೊಟ್ಟಿಯ ಚೂರು; ಅದನ್ನು ತೆರುವವಳು ಆಕೆಯೇ. ಒಂದು ದಿನ ರೊಟ್ಟಿ ಹದಗೆಟ್ಟರೆ ಅದೇ ಬಾಯಿಗಳು ಅದನ್ನೂ ಹೇಳುತ್ತವೆ. ಅದನ್ನೂ ಆಕೆಯೇ ತೆರುತ್ತಾಳೆ. ತನ್ನ ಸರಕನ್ನು ಹೊಗಳಲು ಇನ್ನೊಬ್ಬರ ಬಡತನವನ್ನು ಆಕೆ ತೋರಿಸಬೇಕಾಗಿಲ್ಲ. ನೀತಿಯ ದೃಷ್ಟಿಯಿಂದ ನಮ್ಮ ಸೇವಾಸಂಸ್ಥೆಗಿಂತ ಆಕೆಯ ಸಣ್ಣ ವ್ಯಾಪಾರವು ಮೇಲಿತ್ತೆಂದು ಹೇಳಲು ನಮಗೆ ಸಂಕೋಚವಿಲ್ಲ.

ಇದನ್ನೆಲ್ಲ ವಿಚಾರಿಸಿ ನಾವು ತಲುಪಿದ ನಿರ್ಣಯ ಹೀಗಿದೆ. ಬೆಲೆಯಿಲ್ಲದ ಪ್ರಚಾರವೆಂಬುದು ಇಲ್ಲ. ಬೆಲೆಯನ್ನು ಪ್ರಚಾರ ಬಯಸಿದವನೇ ತೆರುತ್ತಿದ್ದರೆ, ಅಂದರೆ ತನ್ನ ದುಡಿಮೆಯಿಂದ, ಸತ್ಯದಿಂದ, ಪ್ರಶ್ನೆಗೆ ಉತ್ತರ ಕೊಡುವುದರಿಂದ ತೆರುತ್ತಿದ್ದರೆ, ಅದು ನ್ಯಾಯವಾದದ್ದು. ಕೇಳದೆ ಅದನ್ನು ಇನ್ನೊಬ್ಬರ ತಲೆಗೆ ಕಟ್ಟಿದರೆ ಅದು ಕಳವು. ಆ ಇನ್ನೊಬ್ಬನು ಮೋಸಹೋದ ಓದುಗನಾಗಿರಬಹುದು, ನಾಚಿಕೆಪಟ್ಟ ಮಗುವಾಗಿರಬಹುದು.

ಈ ವರ್ಷ ಜೂನ್ ತಿಂಗಳಿಗಿಂತ ಮೊದಲೇ ನಾವು ಒಂದು ಪ್ರಕಟಣೆಯನ್ನು ಸಿದ್ಧಪಡಿಸಿದೆವು. ಓದುವ ಕೋಣೆ ಎಲ್ಲಿದೆ, ಯಾವ ಹೊತ್ತಿಗೆ ತೆರೆದಿರುತ್ತದೆ, ವಹಿ ಬೇಕಾದವರು ಯಾರನ್ನು ಕಾಣಬೇಕು, ಕಳೆದ ವರ್ಷ ಎಷ್ಟು ಹಣ ಬಂದಿತು, ಎಷ್ಟು ವಹಿಗೆ ಹೋಯಿತು: ಇಷ್ಟನ್ನು ಮೊದಲ ಐದು ಸಾಲಿನಲ್ಲಿಯೇ ಬರೆದು, ಕೆಳಗೆ ಕಾರ್ಯದರ್ಶಿಗಳ ಹೆಸರನ್ನೂ ವಿಚಾರಿಸಿಕೊಳ್ಳಲು ವಿಳಾಸವನ್ನೂ ಕೊಟ್ಟೆವು. ಕನ್ನಡ ಪತ್ರಿಕೆಗೆ ಕನ್ನಡದಲ್ಲಿ, ಮರಾಠಿ ಪತ್ರಿಕೆಗಳಿಗೆ ಮರಾಠಿಯಲ್ಲಿ ಬರೆದು, ದಿನಕ್ಕೆ ಸಾಕಷ್ಟು ಮೊದಲೇ ಕೈಯಾರೆ ಮುಟ್ಟಿಸಿದೆವು. ಶಾಲೆಗಳ ಮುಖ್ಯಾಧ್ಯಾಪಕರನ್ನು ಕಂಡು ಸೂಚನಾಫಲಕದಲ್ಲಿ ಹಾಕಿಸಿದೆವು. ಚಿತ್ರವನ್ನು ಕೊಡಲಿಲ್ಲ. ವಹಿಗಳನ್ನು ಶಾಲೆಯ ಗುರುಗಳ ಕೈಯಿಂದ, ಇತರ ಪುಸ್ತಕಗಳ ಜೊತೆಯಲ್ಲಿ, ಹೆಸರು ಕೂಗದೆ ಕೊಡಿಸಿದೆವು.

ಇದರ ಫಲವನ್ನೂ ಮುಚ್ಚಿಡದೆ ಹೇಳಬೇಕು. ಒಂದು ಪತ್ರಿಕೆಯು ಎರಡು ಸಾಲು ಹಾಕಿತು, ಉಳಿದವರು ಹಾಕಲಿಲ್ಲ. ಚಿತ್ರವಿಲ್ಲವೆಂದು ತಿಳಿದ ದಾನಿಗಳೊಬ್ಬರು ಈ ವರ್ಷ ಹಣ ಕಳುಹಿಸಲಿಲ್ಲ. ಹೊಸದಾಗಿ ಸಭಾಸದರಾದವರು ನಾಲ್ಕೇ ಜನ. ವಹಿಗಳು ಕಳೆದ ವರ್ಷಕ್ಕಿಂತ ನಲವತ್ತು ಕಡಿಮೆಯಾದುವು. ಈ ನಲವತ್ತು ವಹಿಗಳಿಲ್ಲದೆ ಹೋದ ಮಕ್ಕಳೂ ನಮ್ಮ ನಿರ್ಣಯದ ಬೆಲೆಯನ್ನು ತೆತ್ತರಲ್ಲವೆ ಎಂದು ಕಿರಿಯರು ಸಭೆಯಲ್ಲಿ ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ನಮ್ಮಲ್ಲಿರುವ ಉತ್ತರ ಒಂದೇ: ಆ ಕೊರತೆಯನ್ನು ನಾವು, ಸಭಾಸದರು, ನಮ್ಮ ವರ್ಗಣಿಯನ್ನು ಹೆಚ್ಚಿಸಿಕೊಂಡು ತುಂಬಬೇಕು. ಬರುವ ಸರ್ವಸಾಧಾರಣ ಸಭೆಯ ಮುಂದೆ ಆ ಸೂಚನೆಯನ್ನು ಇಡುತ್ತಿದ್ದೇವೆ. ಅದು ಬಿದ್ದುಹೋದರೆ, ಮೇಲೆ ಬರೆದುದೆಲ್ಲ ಬರಿಯ ಬಾಯಿಮಾತಾಗುವುದೆಂಬ ಅರಿವು ನಮಗಿದೆ.

ಗೋಡೆಗೆ ಅಂಟಿಸಿದ್ದ ಪತ್ರಿಕೆಯ ತುಣುಕನ್ನು ಕಿತ್ತು ತೆಗೆದಿದ್ದೇವೆ. ಆ ಹುಡುಗಿ ಇನ್ನೂ ಓದುವ ಕೋಣೆಗೆ ಬಂದಿಲ್ಲ. ಅವಳು ಅರ್ಧ ಓದಿದ್ದ ಪುಸ್ತಕವನ್ನು ಅವಳ ತರಗತಿಯ ಗುರುಗಳ ಕೈಯಲ್ಲಿ ಕಳುಹಿಸಿಕೊಟ್ಟೆವು. ಅದು ಹಿಂದಿರುಗಿ ಬಂದಿತು, ಅದರೊಡನೆ ಇನ್ನೊಂದು ಪುಸ್ತಕ ಬೇಕೆಂಬ ಚೀಟಿಯೂ ಬಂದಿತು. ಕಳುಹಿಸಿದ್ದೇವೆ. ರಾಜ್ಯೋತ್ಸವದ ಊಟಕ್ಕೆ ಇನ್ನೂರು ರೊಟ್ಟಿಗಳನ್ನು ಅವಳ ತಾಯಿಗೇ ಹೇಳಿದ್ದೇವೆ. ಪೇಟೆಯ ದರಕ್ಕೆ, ಮುಂಗಡ ಕೊಟ್ಟು. ರೊಟ್ಟಿ ಹಿಡಿಸಿದವರು ಆಕೆಯ ವಿಳಾಸವನ್ನು ಕೇಳಿದರೆ ತಿಳಿಸಬಹುದೇ ಎಂದು ಈ ಸಲ ಮೊದಲೇ ಕೇಳಿದೆವು. ತಿಳಿಸಬಹುದೆಂದು ಒಪ್ಪಿಗೆ ಕೊಟ್ಟಿದ್ದಾಳೆ. ವಾಚಕರು ಈ ವಿಷಯವನ್ನು ವಿಚಾರಿಸಿ, ನಮ್ಮ ನಿರ್ಣಯದಲ್ಲಿ ದೋಷ ಕಂಡರೆ ಸಭೆಗೆ ಬಂದು ತಿಳಿಸಬೇಕೆಂದು ವಿನಂತಿ.